ತಂತಿಗೇರಿದ ಕೊನೆಯ ಪುಟ

ನಾಲ್ಕು ನೂರು ವರ್ಷಗಳ ಹಿಂದೆ ಇಂಗ್ಲಿಷ್ ನಾಟಕಕಾರನೊಬ್ಬ ಹಣ ಪಡೆದು ಸಹಿ ಮಾಡಿದ ರಸೀದಿ ಬಲು ಅಪರೂಪದ್ದೆಂದು ಇವತ್ತಿನ ಪೇಪರಿನಲ್ಲಿ ಓದಿ ನನಗೆ ನಗು ತಡೆಯಲಾಗಲಿಲ್ಲ. ಅಂಥದೊಂದು ನನ್ನ ಟ್ರಂಕಿನಲ್ಲೂ ಇದೆ ನೋಡಿ!

ಎಪ್ಪತ್ತರ ದಶಕದ ಮಾತು. ಸೋಲಾಪುರದಲ್ಲಿ ನಮ್ಮದು ಚಾದರದ ಅಂಗಡಿ. ನನಗೆ ನಾಟಕದ ಹುಚ್ಚು, ಅಪ್ಪನಿಗೆ ಅದರ ಹೆಸರೆತ್ತಿದರೆ ಮೈಯೆಲ್ಲ ಉರಿ. ಆದರೂ ಅವ್ವನ ಕಾಟಕ್ಕೆ ಸೋತು, ಅಕ್ಕಲಕೋಟದ ಮಾಸ್ತರರು ನಮ್ಮ ತಂಡಕ್ಕೆ ಬರೆದ ನಾಟಕಕ್ಕೆ ಇಪ್ಪತ್ತೈದು ರೂಪಾಯಿ ಕೊಡಲು ಒಪ್ಪಿದ. "ಈ ಸಲ ನಗಿಪಾಟಲಾದರ ಬಣ್ಣಾ ಹಚ್ಚೂದು ಬಂದ್," ಎಂದು ನನಗೆ ತಾಕೀತು ಮಾಡಿದ.

"ಪಾವತಿ ಬರದು, ರೆವಿನ್ಯೂ ತಿಕೀಟ ಹಚ್ಚಿ ಸಹಿ ಮಾಡ್ರಿ ಮಾಸ್ತರ," ಎಂದ ಅಪ್ಪ, ಹಣ ಒಯ್ಯಲು ಅಂಗಡಿಗೆ ಬಂದವರಿಗೆ. ಮಾಸ್ತರರು ಹಾಳೆ ಕೇಳಿದರು.

"ಹೊಸಾ ಹಾಳಿ ಯಾಕ್ರಿ? ಒಂದ್ ಮಗ್ಗಲಾ ಖಾಲಿ ಇದ್ದದ್ದು ನಡೀತೈತಿ."

ನಮ್ಮ ಅಂಗಡಿಯ ಪದ್ಧತಿಯೇ ಅದು. ಮಾಸ್ತರರು ಚೀಲದಿಂದ ಒಂದು ಹಾಳೆ ಎಳೆದು, ಅದರ ಖಾಲಿ ಬೆನ್ನಿಗೆ ರಸೀದಿ ಬರೆದುಕೊಟ್ಟರು. ಅಪ್ಪ ಅದನ್ನು ಪಾವತಿಗಳನ್ನು ಪೋಣಿಸಿಡುವ ಕೊಕ್ಕೆ ತಂತಿಗೆ ಚುಚ್ಚಿದ.

ನಾಟಕದ ದಿನ ಬೆಳಿಗ್ಗೆ ಅಕ್ಕಲಕೋಟದಲ್ಲಿ ನೋಡಿದರೆ ಕೊನೆಯ ಪುಟವೇ ಇಲ್ಲ! ರಾಜನಾದ ನಾನು ಸಾಯುವ ಪುಟ; ನಾನಿನ್ನೂ ಅದನ್ನು ಕಲಿತಿರಲಿಲ್ಲ, ಬರೆದವರಿಗೂ ನೆನಪಿಲ್ಲ.

"ಅಯ್ಯ ತಮ್ಮಾ, ಅದರ ಬೆನ್ನಿಗೇ ಪಾವತಿ ಬರದು ಕೊಟ್ಟೇನಲ್ಲೋ!" ಎಂದು ಮಾಸ್ತರರು ಹಣೆ ಬಡಿದುಕೊಂಡರು. ನಾನು ಸೋಲಾಪುರದ ಬಸ್ಸು ಹಿಡಿದೆ.

"ತಂತಿಗೆ ಏರಿದ ಪಾವತಿ ನನ್ನ ಕೈ ಬಿಟ್ಟು ಹೋಗಂಗಿಲ್ಲ," ಎಂದ ಅಪ್ಪ. ನಕಲು ಮಾಡಿಕೊಳ್ಳಬಹುದಿತ್ತಲ್ಲ ಎನ್ನುತ್ತೀರಿ. ಮರಾಠಿ ಶಾಲೆಯಲ್ಲಿ ಓದಿದ ನಾನು ಮಾತುಗಳನ್ನೆಲ್ಲ ಮಾಸ್ತರರ ಬಾಯಿಂದ ಕೇಳಿ ಕಲಿತವನು; ಅವರ ಕೈಬರಹ ನನಗೆ ಕೋಳಿ ಕೆದರಿದ ತಿಪ್ಪೆ. ಕೊನೆಗೆ ಅಪ್ಪನೇ ಇಡೀ ತಂತಿ ಹಿಡಿದುಕೊಂಡು ಬಸ್ಸು ಹತ್ತಿದ!

ಸಂಜೆ ಮಾಸ್ತರರು ಪೇಟಿ ಬಾರಿಸಲು ಕುಳಿತರೆ, ಪರದೆಯ ಮರೆಯಲ್ಲಿ ಅಪ್ಪ ನಿಂತ. ಅವನು ಪಿಸುಗುಟ್ಟಿದ್ದನ್ನೆಲ್ಲ ನಾನು ಗೋಳಾಡಿ ಹೇಳಿದೆ. ಬರಬರುತ್ತ ಅಪ್ಪನಿಗೂ ಆವೇಶ ಬಂತು. ಪುಟ ಮುಗಿದದ್ದು ತಿಳಿಯದೆ ಹಾಳೆ ಮಗುಚಿ ಓದಿದ. ನಾನೂ ಎದೆ ಹಿಡಿದುಕೊಂಡು ಕೂಗಿದೆ: "ಇಪ್ಪತ್ತೈದು ರೂಪಾಯಿ ರೋಖ ಮುಟ್ಟಿದವು!" ಕೂಗಿ ಸತ್ತೆ.

ಪೇಟಿ ನಿಂತಿತು. ಮುಂದಿನ ಸಾಲಿನ ಮುದುಕನೊಬ್ಬ ಎದ್ದು ನಿಂತು, "ಲೆಕ್ಕಾ ಮುಗಿಸೇ ಸತ್ತ ನೋಡ್ರಿ, ಇಂವ ಖರೇ ರಾಜಾ!" ಎಂದ. ಚಪ್ಪಾಳೆಯೋ ಚಪ್ಪಾಳೆ. ಸತ್ತವನ ಹೊಟ್ಟೆ ನಗು ತಡೆಯಲಾರದೆ ಕುಣಿಯುತ್ತಿತ್ತು.

ವಾಪಸು ಬರುವಾಗ ಅಪ್ಪ ಮುಖ ಗಂಟಿಕ್ಕಿಕೊಂಡು ತಂತಿಯ ಪಾವತಿಗಳನ್ನೇ ಎಣಿಸುತ್ತ ಕುಳಿತ. ನಗೆಪಾಟಲಾಯಿತೆಂದು ನಾನೇ ಹೆದರಿ ಬಣ್ಣ ಹಚ್ಚುವುದನ್ನು ಬಿಟ್ಟೆ. ಆಮೇಲೆ ಮಾಸ್ತರರು ಎರಡು ಸಲ ಅಂಗಡಿಗೆ ಬಂದಾಗಲೂ ಚಾದರದ ಗಂಟಿನ ಹಿಂದೆ ಅಡಗಿ ಕುಳಿತೆ.

ಅಪ್ಪ ಹೋದ ಮೇಲೆ ತಂತಿಯಿಂದ ಬಿಡಿಸಿ ಇಟ್ಟುಕೊಂಡಿದ್ದ ಆ ಹಾಳೆಯನ್ನು ಇವತ್ತು ತೆಗೆದು, ಕನ್ನಡಕ ಏರಿಸಿ, ಅಕ್ಷರಕ್ಕೆ ಅಕ್ಷರ ಕೂಡಿಸಿ ರಸೀದಿಯನ್ನು ಮೊದಲ ಸಲ ಪೂರ್ತಿ ಓದಿದೆ. ಮಾಸ್ತರರ ಸಹಿಯ ಕೆಳಗೆ ಅಪ್ಪನ ಕೈಬರಹ: "ನಾಟಕ ಚಲೋ ಆತು. ಮುಂದಿನ ನಾಟಕಕ್ಕ ಮುಂಗಡ ಐದು." ಅದರ ಕೆಳಗೆ ಮಾಸ್ತರರ ಇನ್ನೊಂದು ಸಹಿ.

ನಾನು ಕೂಗಿದ ಕೂಗಿಗೆ ಹೆಂಡತಿ ಅಡಿಗೆಮನೆಯಿಂದ ಓಡಿ ಬಂದಳು. "ಏನಾತ್ರೀ?"

"ಅಪ್ಪಾ ಮುಂಗಡ ಕೊಟ್ಟಾನ! ಬಣ್ಣದ ಡಬ್ಬಿ ಎಲ್ಲೈತಿ, ತಗಿ!"