ಒಂದು ಚಿಟಿಕೆ ಮೈಲುತುತ್ತ

ನಮ್ಮ ಮನೆಯಲ್ಲಿ ಕಾಲೇಜು ಕಂಡವಳು ನನ್ನ ತಂಗಿ ಒಬ್ಬಳೇ. ನಾನು ಐದನೆಯ ಇಯತ್ತೆಗೆ ಶಾಲೆ ಬಿಟ್ಟು ಬನಹಟ್ಟಿಯ ನಮ್ಮ ಮನೆಯ ಕೈಮಗ್ಗಕ್ಕೆ ಕುಳಿತವನು. ಅವಳು ಧಾರವಾಡದಲ್ಲಿ ಎಂ.ಎಸ್ಸಿ. ಓದುವಾಗ ಮಣ್ಣಿನ ಬ್ಯಾಕ್ಟೀರಿಯಾಗಳಿಂದ ಪ್ಲಾಸ್ಟಿಕ್ ತಯಾರಿಸುವ ಕೆಲಸ ಹಿಡಿದಿದ್ದಳು.

ಮೊದಲು ಕೇಳಿದಾಗ ನಾನು ನಕ್ಕಿದ್ದೆ. ನಮ್ಮ ಓಣಿಯ ಗಟಾರ ಆಗಲೇ ಪ್ಲಾಸ್ಟಿಕ್ ಚೀಲಗಳಿಂದ ಕಟ್ಟಿಕೊಳ್ಳುತ್ತಿತ್ತು. ಇನ್ನಷ್ಟು ಯಾಕೆ ಎಂದಿದ್ದೆ. ಅವಳು ಬೇಸರಿಸದೆ ತಿಳಿಸಿದಳು. ಕೆಲವು ಬ್ಯಾಕ್ಟೀರಿಯಾಗಳಿಗೆ ಸಿಹಿ ಹೆಚ್ಚು ಕೊಟ್ಟು ಬೇರೆ ಪೋಷಣೆ ಕಡಿಮೆ ಮಾಡಿದರೆ, ಬೊಜ್ಜು ಬೆಳೆಸಿಕೊಂಡ ಹಾಗೆ ಅವು ಮೈಯೊಳಗೆ ಒಂದು ಬಗೆಯ ಪ್ಲಾಸ್ಟಿಕ್ ಕೂಡಿಡುತ್ತವಂತೆ. ಅದರ ಹಾಳೆ ಮಾಡಿ ಬಳಸಿ ಎಸೆದರೆ ಮಣ್ಣಿನಲ್ಲಿ ಕರಗಿಹೋಗುತ್ತದಂತೆ. ಅಂಥ ಒಂದು ಚೂರನ್ನು ನನ್ನ ಅಂಗೈಯಲ್ಲಿ ಇಟ್ಟಳು. ಹೆಬ್ಬೆರಳಿನ ಉಗುರಿನಷ್ಟಿತ್ತು, ಉಳ್ಳಾಗಡ್ಡಿಯ ಒಳಪೊರೆಯಂತೆ ತೆಳ್ಳಗೆ. ನಾನು ಉಸಿರು ಬಿಗಿಹಿಡಿದು ನೋಡಿದೆ.

ಆ ಬ್ಯಾಕ್ಟೀರಿಯಾ ಸಿಕ್ಕಿದ್ದು ನಾವಿಬ್ಬರೂ ಬಸ್ಸಿನಲ್ಲಿ ಹೋಗಿ ತಂದ ಮಣ್ಣಿನಲ್ಲಿ. ಬಾಡಗಂಡಿ ಕಡೆ ಒಂದು ಬೆಲ್ಲದ ಗಾಣದ ಹಿಂದಿನ ತಗ್ಗಿನಿಂದ ನಾನೇ ಅಗೆದು ಕೊಟ್ಟಿದ್ದೆ.

ಅವಳ ಕೊನೆಯ ವರ್ಷ ಕಾಲೇಜಿನಲ್ಲಿ ಮುಷ್ಕರವಾಗಿ ಬಾಗಿಲು ಹಾಕಿದರು. ಕರೆಂಟಿಲ್ಲದೆ ಅಲ್ಲಿ ಫ್ರಿಜ್ಜಿನಲ್ಲಿಟ್ಟ ಬ್ಯಾಕ್ಟೀರಿಯಾದ ಕೊಳವೆಗಳೆಲ್ಲ ಕೆಟ್ಟವು. ಅವಳು ಊರಿಗೆ ತಂದ ಒಂದು ಬಾಟಲಿ ಮಾತ್ರ ಉಳಿಯಿತು. ಒಳಗೆ ಆ ಬ್ಯಾಕ್ಟೀರಿಯಾ ಬೆಳೆಯುತ್ತಿದ್ದ ಕಪ್ಪು ಬೆಲ್ಲದ ನೀರು, ಬಾಯಿಗೆ ಹತ್ತಿಯ ಬಿರಡೆ. ಅವಳ ಎರಡು ವರ್ಷದ ದುಡಿಮೆ ಅದರಲ್ಲಿತ್ತು. ಅಷ್ಟರಲ್ಲಿ ಮುಧೋಳದ ಅತ್ತೆಗೆ ಹುಷಾರು ತಪ್ಪಿ, ಅವ್ವ ಇವಳನ್ನು ನಾಲ್ಕು ದಿನಕ್ಕೆ ಜೊತೆಗೆ ಕರೆದುಕೊಂಡು ಹೊರಟಳು.

"ದಿನಕ್ಕ ನಾಕು ಸಲ ಅಲ್ಲಾಡಸು. ಹತ್ತಿ ಮಾತ್ರ ತಗೀಬ್ಯಾಡ. ಭಾಳ ನಾಜೂಕ ಅದಾವು, ಅಣ್ಣಾ."

"ಅಷ್ಟು ನೂಲು ಸಂಭಾಳಿಸಿದಾವ್ಗ ಒಂದು ಬಾಟ್ಲಿ ನೀರು ಭಾರ ಏನ ಬೇ?" ಎಂದೆ ನಾನು.

ಎರಡನೆಯ ದಿನ ಬಾಟಲಿಯಿಂದ ಹುಳಿ ವಾಸನೆ ಬರತೊಡಗಿತು. ಮೇಲೆ ತೆಳ್ಳಗೆ ಕೆನೆ ಕಟ್ಟಿತ್ತು. ಆ ವಾಸನೆ ನನಗೆ ಚೆನ್ನಾಗಿ ಗೊತ್ತು. ನೂಲಿಗೆ ಹಚ್ಚುವ ಗಂಜಿ ಕೆಡುವಾಗ ಬರುವುದು ಅದೇ. ಗಂಜಿ ಕೆಟ್ಟರೆ ನೂಲಿಗೆ ಬೂಜು ಹಿಡಿಯುತ್ತದೆ. ಅದಕ್ಕೇ ಕುದಿಸುವಾಗ ಒಂದು ಚಿಟಿಕೆ ಮೈಲುತುತ್ತ ಹಾಕುತ್ತೇವೆ. ಗೂಡಿನಲ್ಲಿದ್ದ ಡಬ್ಬಿಯಿಂದ ನೀಲಿ ಹರಳು ತೆಗೆದು ಪುಡಿ ಮಾಡಿದೆ. ಹತ್ತಿ ತೆಗೆದೆ, ಹಾಕಿದೆ, ಅಲ್ಲಾಡಿಸಿದೆ. ಬೆಲ್ಲದ ಕಪ್ಪಿನಲ್ಲಿ ನೀಲಿ ಕಾಣಲೇ ಇಲ್ಲ. ಮರುದಿನ ವಾಸನೆ ತಗ್ಗಿತ್ತು. ತಂಗಿಯ ವಸ್ತು ಉಳಿಸಿದೆನೆಂದು ನನಗೆ ಹೆಮ್ಮೆ.

ಅವಳು ಮುಧೋಳದಿಂದ ಬರುವಷ್ಟರಲ್ಲಿ ಕಾಲೇಜು ತೆರೆದಿತ್ತು, ಬಾಟಲಿಯನ್ನು ಧಾರವಾಡಕ್ಕೆ ಒಯ್ದಳು. ವಾರದ ಮೇಲೆ ಬಂದಾಗ ಮುಖ ಬಾಡಿತ್ತು. ಒಂದೂ ಜೀವಂತ ಉಳಿದಿಲ್ಲ ಎಂದಳು. ನನಗೆ ಆ ಕ್ಷಣದಲ್ಲೇ ತಿಳಿಯಿತು. ಗಂಜಿ ಕೆಡಿಸುವ ಜೀವಗಳನ್ನು ಕೊಲ್ಲುವ ಹರಳು ಇವನ್ನು ಬಿಟ್ಟೀತೆ?

"ಹತ್ತಿ ತಗದಿದ್ದೇನಣ್ಣಾ?"

"ಇಲ್ಲ."

"ಒಳಗ ಏನರ ಬಿತ್ತೇನು?"

"ನೀ ಬ್ಯಾಡ ಅಂದ ಮ್ಯಾಲ ನಾ ಯಾಕ ತಗೀಲಿ?"

ಅವಳು ನಂಬಿದಳು. ತನ್ನ ಕೈಯಿಂದಲೇ ಏನೋ ತಪ್ಪಾಗಿದೆ ಎಂದಳು. ಹಾಕಿದ್ದು ಅಜ್ಞಾನದಿಂದ, ಸರಿ. ಇಲ್ಲ ಅಂದದ್ದು ಅಜ್ಞಾನವಲ್ಲ. ಓದದವನ ಕೈಗೆ ಕೊಟ್ಟದ್ದೇ ತಪ್ಪು ಎಂದು ಅವಳಿಗೆ ಅನ್ನಿಸೀತೆಂದು ಅಂಜಿದೆ.

ಮತ್ತೆ ಬಾಡಗಂಡಿಗೆ ಹೋದೆವು. ಗಾಣ ಕಿತ್ತುಹಾಕಿ ತಗ್ಗನ್ನು ಮುಚ್ಚಿದ್ದರು. ಬೇರೆ ಕಡೆಯ ಮಣ್ಣಿನಲ್ಲಿ ಅಂಥದ್ದು ಸಿಗಲಿಲ್ಲ. ಈ ಬಗೆಯ ಬ್ಯಾಕ್ಟೀರಿಯಾ ಬಲಹೀನ, ಪ್ರಯೋಗಶಾಲೆಯ ಹೊರಗೆ ಬಾಳುವುದಿಲ್ಲ ಎಂದು ಅವಳು ತನ್ನ ಪ್ರಬಂಧದಲ್ಲಿ ಬರೆದು ಮುಗಿಸಿದಳು. ಮುಂದೆ ಸಂಶೋಧನೆಯ ಗೊಡವೆಗೆ ಹೋಗದೆ ಜಮಖಂಡಿಯಲ್ಲಿ ಶಾಲೆಯ ಮಾಸ್ತರಿಕೆ ಹಿಡಿದಳು. ಪ್ರಬಂಧದ ಮೊದಲ ಪುಟದಲ್ಲಿದ್ದ ಇಂಗ್ಲಿಷಿನ ಒಂದು ಸಾಲನ್ನು ನನಗೆ ಕನ್ನಡದಲ್ಲಿ ಹೇಳಿದಳು: ಮಣ್ಣು ಅಗೆದು ಕೊಟ್ಟು, ಬಾಟಲಿ ಕಾಯ್ದ ಅಣ್ಣನಿಗೆ ಋಣಿ. ನಾನು ತಲೆ ಬಗ್ಗಿಸಿ ಕೇಳಿದೆ. ನಾಚಿಕೊಂಡೆನೆಂದು ಅವಳು ನಕ್ಕಳು.

ಹೋದ ತಿಂಗಳು ಮಗ್ಗದ ಹಳೆಯ ಸಾಮಾನು ತೆಗೆಯುವಾಗ ಅವಳೂ ಬಂದಿದ್ದಳು. ಮೈಲುತುತ್ತದ ಡಬ್ಬಿ ಅವಳ ಕೈಗೆ ಬಂತು. ಇದನ್ನು ಗಂಜಿಗೆ ಹಾಕುತ್ತಿದ್ದಿರಲ್ಲ ಎಂದು ಮುಚ್ಚಳ ತೆಗೆದಳು. ಅವತ್ತು ಬಾಟಲಿಗೂ ಇದನ್ನೇ ಹಾಕಿದ್ದೆನೆಂದು ನಾನು ಇನ್ನು ತಡೆಯಲಾರದೆ ಹೇಳಿಬಿಟ್ಟೆ.

"ಎಷ್ಟು ಹಾಕಿದ್ದಿ?" ಎಂದಳು.

ಎರಡು ಬೆರಳು ಕೂಡಿಸಿ ತೋರಿಸಿದೆ.

"ಅಷ್ಟು ಹಾಕಿದರ ಯಾವದೂ ಉಳಿಯೂದಿಲ್ಲ." ಡಬ್ಬಿಯೊಳಗಿನ ಒಂದು ಹರಳನ್ನು ಬೆರಳಿನಿಂದ ಹೊರಳಿಸಿದಳು. "ಹಂಗಾರ ಅವು ಬಲಹೀನ ಇದ್ದಿದ್ದಿಲ್ಲ. ನಾನ ಸುಳ್ಳ ಬರದೆ."

ನನ್ನನ್ನು ಬೈಯಲಿಲ್ಲ. ಮುಚ್ಚಳ ಹಾಕಿ, ಕೈ ತೊಳೆದು, ಅವ್ವ ಕೊಟ್ಟ ಚಹಾ ಕುಡಿದಳು. ಪ್ರತಿ ಸಲ ಅವಳ ಚೀಲ ಹಿಡಿದು ಬಸ್‌ಸ್ಟ್ಯಾಂಡಿಗೆ ಹೋಗುವವನು ನಾನು. ಅವತ್ತೂ ಕೈ ಚಾಚಿದೆ.

"ಇರಲಿ, ನಾನ ಒಯ್ತೀನಿ," ಎಂದು ಚೀಲವನ್ನು ಇನ್ನೊಂದು ಕೈಗೆ ಬದಲಿಸಿಕೊಂಡು ಹೋದಳು.