ಒಡವೆ ಯಾರಿಗೆ ಹೋಯ್ತು?

ಹೊರದೇಶದ ಮೋಲ್ನ್‌ಡಾಲ್ ಊರಿನಲ್ಲಿದ್ದಾಗ ನಮ್ಮ ಪಕ್ಕದ ಮನೆಯಾಕೆ ಮೈಸೂರಿನವರು, ಅವರ ಗಂಡ ಐರಿಷ್. ಗಂಡನ ಮುತ್ತಜ್ಜಿಯ ತವರು ಯಾವುದೆಂದು ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅದಕ್ಕಾಗಿ ಗಂಡ ವರ್ಷಗಟ್ಟಲೆ ಐರ್ಲೆಂಡಿನ ಹಳೆಯ ಉಯಿಲುಗಳನ್ನು ಕಂಪ್ಯೂಟರಿನಲ್ಲಿ ಓದುತ್ತಿದ್ದರು. ಓದಿದ್ದೆಲ್ಲ ಜಮೀನಿದ್ದ ಗಂಡಸರ ಉಯಿಲುಗಳೇ. ಆಕೆ ಒಲೆಯ ಬಳಿಯಿಂದಲೇ ಸೌಟನ್ನು ಪರದೆಯತ್ತ ಚಾಚಿ ಕೇಳುತ್ತಿದ್ದರು: "ಜಮೀನು ಇರ್ಲಿ ರೀ, ಒಡವೆ ಯಾರಿಗೆ ಹೋಯ್ತು?" ಆ ಕನ್ನಡ ಗಂಡನಿಗೂ ಬಾಯಿಪಾಠವಾಗಿತ್ತು.

ಒಂದು ಭಾನುವಾರ ನಾನು ಅಲ್ಲಿನವರು ಫೀಕಾ ಎನ್ನುವ ಕಾಫಿ-ತಿಂಡಿಗೆ ಹೋದಾಗ ಲ್ಯಾಪ್‌ಟಾಪ್ ಆಕೆಯ ಮಡಿಲಿಗೆ ಬಂದಿತ್ತು. "ಮದುವೆಯಾಗದ ಸೋದರತ್ತೆ ಒಬ್ಳು ಇದ್ದೇ ಇರ್ತಾಳೆ. ಅವಳು ಅಣ್ಣತಮ್ಮಂದಿರ ಹೆಣ್ಮಕ್ಕಳನ್ನ ಮರೀತಾಳಾ?" ಎನ್ನುತ್ತಾ ಹೆಂಗಸರ ಉಯಿಲುಗಳನ್ನಷ್ಟೇ ತೆರೆಯುತ್ತಿದ್ದರು. ಕಾಫಿ ಆರಿತು, ಇನ್ನೊಮ್ಮೆ ಬಿಸಿಯಾಯಿತು. ಥಟ್ಟನೆ ಆಕೆ ಮೇಜು ಗುದ್ದಿದರು.

"ನನ್ನ ಮೂರೆಲೆಯ ಬೆಳ್ಳಿ ಬ್ರೂಚ್ ತಮ್ಮನ ಮಗಳಿಗೆ" ಎಂದು ಯಾವಳೋ ಅತ್ತೆ ಬರೆಸಿದ್ದಳು. ಆ ಮಗಳ ಹೆಸರು, ಅವಳ ಗಂಡನ ಹೆಸರು, ಊರು, ಎಲ್ಲವೂ ಮುತ್ತಜ್ಜಿಯದೇ. ತವರು ಸಿಕ್ಕಿತ್ತು!

ಗಂಡ ಒಳಗೆ ಹೋಗಿ, ತನ್ನ ತಾಯಿಯ ಪೆಟ್ಟಿಗೆಯಿಂದ ಅದೇ ಮೂರೆಲೆಯ ಬ್ರೂಚ್ ತಂದು ಹೆಂಡತಿಯ ಸ್ವೆಟರಿಗೆ ಸಿಕ್ಕಿಸಿದರು. ಆಕೆ ಎದೆಯುಬ್ಬಿಸಿ ನನ್ನತ್ತ ತಿರುಗಿದರು: "ಈಗ ನೀವೇ ಹೇಳ್ರೀ, ಒಡವೆ ಯಾರಿಗೆ ಹೋಯ್ತು?"