ಅಣ್ಣನ ಕಾರಿನ ನಿಮಿಷದ ಮುಳ್ಳು

ಡೊಂಬಿವಲಿಯಲ್ಲಿ ಹೋಟೆಲು ನಡೆಸುವ ನನ್ನ ಅಣ್ಣನಿಗೆ ಒಂದು ಹಳೆಯ ಕಾರಿದೆ. ಅದರ ಡ್ಯಾಶ್‌ಬೋರ್ಡಿನ ದುಂಡು ಗಡಿಯಾರ ನಿಂತು ಹನ್ನೆರಡು ವರ್ಷವಾಗಿತ್ತು. ಮುಟ್ಟಲು ಯಾರಿಗೂ ಬಿಡುತ್ತಿರಲಿಲ್ಲ. "ಕಂಪೆನಿಯಿಂದ ಬಂದ ಹಾಗೇ ಉಂಟು, ಒಂದು ಸ್ಕ್ರೂ ಸಹ ಬದಲಾಗ್ಲಿಲ್ಲ" ಎಂದು ಬಂದವರೆದುರು ಕೊಚ್ಚಿಕೊಳ್ಳುವುದು ಬೇರೆ.

ಕಳೆದ ವರ್ಷ ಅತ್ತಿಗೆಯ ಜತೆ ಉಡುಪಿಗೆ ಹೊರಟವನು, ಬ್ಯಾಟರಿ ಇಳಿಯದಂತೆ ಆಗಾಗ ಓಡಿಸು ಎಂದು ಕೀಲಿ ನನಗೆ ಕೊಟ್ಟ. ಅವನ ಅರುವತ್ತಕ್ಕೆ ಆ ಗಡಿಯಾರವನ್ನು ನಡೆಸಿ ತೋರಿಸಬೇಕೆಂಬ ಹುಚ್ಚು ನನಗೆ ಹಿಡಿದದ್ದು ಆಗ. ಇಲ್ಲದ ಉಸಾಬರಿ! ಠಾಣೆಯ ಗ್ಯಾರೇಜಿನವರು ಹೇಳಿದ ರೇಟು ಕೇಳಿ ನೀರು ಕುಡಿದು ವಾಪಸು ಬಂದೆ. ಕಲ್ಯಾಣದಲ್ಲಿ ಗೋಡೆ ಗಡಿಯಾರ ರಿಪೇರಿ ಮಾಡುವ ಮರಾಠಿ ಕಾಕಾ ಮಾತ್ರ, ನಾನು ಬಿಚ್ಚಿಸಿ ಒಯ್ದ ಗಡಿಯಾರವನ್ನು ತಿರುಗಿಸಿ ನೋಡಿ, ಒಳಗಿನ ಮಷೀನು ಸುಟ್ಟಿದೆ, ಸೆಲ್ಲಿನ ಮಷೀನು ಕೂರಿಸಿಕೊಡುತ್ತೇನೆ, ಕಡಿಮೆಯಲ್ಲಿ ಮುಗಿಯುತ್ತದೆ ಎಂದರು. ಹೊರಗೆ ಕಾಣುವ ಅಂಕಿ, ಮುಳ್ಳು, ಗಾಜು ಹಳೆಯದೇ ಇರಬೇಕು ಎಂದು ಮೂರು ಸಲ ಹೇಳಿ ಬಂದೆ.

ನಾಲ್ಕನೇ ದಿನ ಅಲ್ಲಿಗೇ ಹೊರಟು ಲೋಕಲ್ ರೈಲಿನಲ್ಲಿ ನಿಂತಿದ್ದಾಗ ಕಾಕಾರ ಫೋನು ಬಂತು.

"ಕಾಟಾ ಗೇಲಾ, ತಾಈ."

ಮೂವತ್ತು ವರ್ಷದಿಂದ ಇಲ್ಲಿದ್ದೇನೆ, ಮರಾಠಿಯಲ್ಲಿ ಜಗಳವನ್ನೂ ಆಡಬಲ್ಲೆ. ಗಡಿಯಾರದ ಮುಳ್ಳಿಗೆ ಅವರು ಕಾಟಾ ಎನ್ನುತ್ತಾರೆಂದು ಗೊತ್ತಿಲ್ಲದವಳಲ್ಲ. ಆದರೆ ಆ ಗದ್ದಲದಲ್ಲಿ, ಆ ಆತಂಕದಲ್ಲಿ ನನಗೆ ಕೇಳಿಸಿದ್ದು ಕನ್ನಡದ ಕಾಟ. ಕಾಟ ಹೋಯಿತು, ಕೆಲಸ ಮುಗಿಯಿತು!

"ಫಾರ್ ಬರಂ ಝಾಲಂ, ಕಾಕಾ!" ತುಂಬ ಒಳ್ಳೆಯದಾಯಿತು ಎಂದು ಕೂಗಿದೆ. ಕಾಕಾ ಫೋನು ಇಟ್ಟುಬಿಟ್ಟರು. ಠಾಕುರ್ಲಿ ಸ್ಟೇಷನ್ ದಾಟಿದ ಮೇಲೆ ನನಗೆ ಹೊಳೆಯಿತು, ಹೋದದ್ದು ಮುಳ್ಳು.

ಅಂಗಡಿ ಹೊಕ್ಕವಳೇ ಎಗರಾಡಿದೆ. ಕಾಕಾ ಎಲ್ಲ ಕೇಳಿಸಿಕೊಂಡು, ನಿಮಿಷದ ಮುಳ್ಳಿನ ಎರಡು ತುಂಡನ್ನು ನನ್ನ ಅಂಗೈಯಲ್ಲಿಟ್ಟರು. ಇದು ಕಾರಿನ ಜತೆ ಬಂದದ್ದೇ ಅಲ್ಲ, ಯಾರೋ ತಗಡು ಕತ್ತರಿಸಿ ಬಣ್ಣ ಬಳಿದದ್ದು ಎಂದರು. ಕೆಟ್ಟ ಗಡಿಯಾರಗಳ ಡಬ್ಬ ತಡಕಿ, ಅದೇ ಮಾದರಿಯ ನಿಜವಾದ ಮುಳ್ಳೊಂದನ್ನು ಹುಡುಕಿ ಹಾಕಿಯೂ ಕೊಟ್ಟರು. ನಾನು ನಂಬಲಿಲ್ಲ. ಮುರಿದವರೆಲ್ಲ ಹೇಳುವುದು ಹೀಗೇ ಅಲ್ಲವೇ? ಅಣ್ಣ ಬರುವವರೆಗೆ ಸರಿಯಾಗಿ ಊಟ ಸೇರಲಿಲ್ಲ. ಅವನು ಬೈದರೆ ತಡೆದುಕೊಳ್ಳುತ್ತಿದ್ದೆ. ಮಾತು ಬಿಟ್ಟರೆ ನನ್ನಿಂದ ಆಗದು.

ಬಂದ ದಿನವೇ ಅವನು ಕಾರಿನ ಬಾಗಿಲು ತೆಗೆದ. ಗಡಿಯಾರ ಟಿಕ್ ಟಿಕ್ ಎನ್ನುತ್ತಿತ್ತು. ಬಗ್ಗಿ ಬಹಳ ಹೊತ್ತು ನೋಡಿದ.

"ಈ ದೊಡ್ಡ ಮುಳ್ಳು ಯಾರು ಹಾಕಿದ್ದು?"

ಒಂದೇ ಉಸಿರಿಗೆ ಎಲ್ಲ ಹೇಳಿಬಿಟ್ಟೆ. ಅಣ್ಣ, ಬ್ಯಾಗು ಇಳಿಸುತ್ತಿದ್ದ ಅತ್ತಿಗೆಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ.

"ಆ ತಗಡು ನಾನೇ ಕತ್ತರಿಸಿದ್ದು ಮಾರಾಯ್ತಿ, ಎಣ್ಣೆ ಡಬ್ಬದ್ದು. ರಿಪೇರಿ ಮಾಡ್ಲಿಕ್ಕೆ ಹೋಗಿ ಒರಿಜಿನಲ್ ಮುಳ್ಳು ಮುರಿದೆ. ಯಾರಿಗೂ ಹೇಳ್ಲಿಲ್ಲ, ಅವಳಿಗೂ."

ನನಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು. ಅಬ್ಬಾ, ಬದುಕಿದೆ ಅಂದುಕೊಂಡೆ. ಕಾಕಾಗೆ ಬೈದದ್ದು ನೆನಪಾಗಿ ನಾಚಿಕೆಯಾಯಿತು.

"ಇದು ಒರಿಜಿನಲ್ಲೇ ಅಲ್ವಾ?" ಅಣ್ಣ ಮತ್ತೆ ಕೇಳಿದ.

"ಹೌದಂತೆ."

ಅವನು ಉಸ್ಸೆಂದು ಸೀಟಿಗೆ ಒರಗಿದ. ಹನ್ನೆರಡು ವರ್ಷ ಹೆದರಿದ್ದವನು ಅವನು, ನನ್ನದು ಬರೀ ಮೂರು ವಾರ. ಆಮೇಲೆ ತಲೆ ಹೊರಗೆ ಹಾಕಿ ಅತ್ತಿಗೆಯನ್ನು ಕೂಗಿದ:

"ಬಾರೆ ಇಲ್ಲಿ, ಗಡಿಯಾರ ನೋಡು. ಹತ್ತಿರ ಬಂದು ನೋಡು."